ಗುದ್ದಲಿ ಬೀಳುವ ಮಣ್ಣು

ನಾನು ಮೊದಲ ಸಲ ಗರಡಿಯ ಒಳಗೆ ಕಾಲಿಟ್ಟದ್ದು ಮಣ್ಣು ಜರಡಿ ಹಿಡಿಯುವ ಕೆಲಸಕ್ಕೆ. ಆಗ ನನಗೆ ಒಂಬತ್ತು ವರ್ಷ. ದಾವಣಗೆರೆಯ ಹಳೇ ಊರಿನಲ್ಲಿ, ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಸಿಗುತ್ತಿದ್ದ ಗರಡಿಗೆ ಹೊಸ ಮಟ್ಟಿ, ಎಂದರೆ ಕುಸ್ತಿ ಆಡುವ ಹದ ಮಾಡಿದ ಮಣ್ಣು, ತುಂಬುವ ದಿನ ಅಜ್ಜ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಾಗಿಲ ಮುಂದೆ ಒಂದು ಗಾಡಿ ಕೆಮ್ಮಣ್ಣು ಸುರಿದಿತ್ತು. ದೊಡ್ಡವರು ಅದನ್ನು ಸಲಿಕೆಯಲ್ಲಿ ಎತ್ತಿ ಓರೆಯಾಗಿ ನಿಲ್ಲಿಸಿದ ತಂತಿ ಜರಡಿಗೆ ಎಸೆಯುತ್ತಿದ್ದರು. ಜರಡಿಯಲ್ಲಿ ಉಳಿದ ಹರಳು, ಬೇರು, ಗಾಜಿನ ಚೂರುಗಳನ್ನು ಹೆಕ್ಕಿ ದೂರ ಹಾಕುವುದು ನಮ್ಮಂಥ ಹುಡುಗರ ಪಾಲಿಗೆ ಬಂದ ಕೆಲಸ. ಒಂದು ಹರಳು ಒಳಗೆ ಹೋದರೂ ಯಾರದೋ ಬೆನ್ನು ಹರಿಯುತ್ತದೆ ಎಂದು ಕುಸ್ತಿ ಕಲಿಸುವ ವಸ್ತಾದರು ಎಚ್ಚರಿಸಿದ್ದರು. ಅಂದು ಸಂಜೆಯವರೆಗೆ ಆ ಮಣ್ಣಿನ ಮುಂದೆ ನಾನು ಕುಳಿತದ್ದು, ಉಗುರಿನ ಸಂದಿಯಲ್ಲಿ ಸೇರಿದ ಕೆಂಪು ಎರಡು ದಿನ ಹೋಗದಿದ್ದದ್ದು ಇಂದಿಗೂ ನೆನಪಿದೆ.

ಜರಡಿಯಾದ ಮಣ್ಣು ಅಷ್ಟಕ್ಕೇ ಮಟ್ಟಿಯಾಗುವುದಿಲ್ಲ. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ, ಒಂದಿಷ್ಟು ತುಪ್ಪ, ಪುಡಿ ಮಾಡಿದ ಕರ್ಪೂರ ಬೆರೆಯಬೇಕು. ಒಂದೊಂದು ಗರಡಿಯದು ಒಂದೊಂದು ಅಳತೆ, ಮತ್ತು ಪ್ರತಿ ಗರಡಿಯವರಿಗೂ ತಮ್ಮ ಅಳತೆಯೇ ಸರಿ ಎಂಬ ನಂಬಿಕೆ. ಎಣ್ಣೆ ಮತ್ತು ಮಜ್ಜಿಗೆ ಮಣ್ಣಿನ ಧೂಳು ಏಳದಂತೆ ಹಿಡಿದಿಡುತ್ತವೆ, ಅರಿಸಿನ ತರಚು ಗಾಯಕ್ಕೆ ಮದ್ದಾಗುತ್ತದೆ. ಹದ ಬಂದಿದೆಯೇ ಎಂದು ತಿಳಿಯುವುದಕ್ಕೆ ಅಜ್ಜ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ತೋರಿಸಿದ್ದರು: ಒತ್ತಿದಾಗ ಉಂಡೆಯಾಗಬೇಕು, ಕೈಬಿಟ್ಟಾಗ ಪುಡಿಯಾಗಬೇಕು. ಉಂಡೆಯಾಗದಿದ್ದರೆ ನೀರು ಸಾಲದು, ಪುಡಿಯಾಗದಿದ್ದರೆ ನೀರು ಹೆಚ್ಚಾಯಿತು. ಇಷ್ಟು ಮಾಡಿ ತುಂಬಿದ ಮೇಲೂ ಆ ಮಣ್ಣನ್ನು ದಿನವೂ ಗುದ್ದಲಿಯಿಂದ ಅಗೆದು ತಿರುವಬೇಕು, ಹಲಗೆ ಎಳೆದು ಮಟ್ಟ ಮಾಡಬೇಕು, ಮೇಲೆ ತೆಳುವಾಗಿ ನೀರು ಚಿಮುಕಿಸಬೇಕು. ಒಂದು ವಾರ ಗುದ್ದಲಿ ಬೀಳದಿದ್ದರೆ ಮಟ್ಟಿ ಒಕ್ಕಲು ಕಣದಂತೆ ಗಟ್ಟಿಯಾಗಿ ಬಿಡುತ್ತದೆ, ಅದರ ಮೇಲೆ ಬಿದ್ದವನ ಭುಜ ಉಳಿಯುವುದಿಲ್ಲ. ಆದ್ದರಿಂದಲೇ ನಮ್ಮ ಗರಡಿಯಲ್ಲಿ ಹೊಸದಾಗಿ ಸೇರಿದವನಿಗೆ ಮೊದಲು ಕೊಡುತ್ತಿದ್ದದ್ದು ಗುದ್ದಲಿ. ಅಗೆಯುವುದೇ ಅವನ ಮೊದಲ ಸಾಮು, ಭುಜಕ್ಕೂ ಸೊಂಟಕ್ಕೂ ಮೊದಲ ಪಾಠ. ತಿಂಗಳುಗಟ್ಟಲೆ ಮಣ್ಣು ತಿರುವದವನಿಗೆ ವಸ್ತಾದರು ಒಂದು ಪಟ್ಟನ್ನೂ ಹೇಳಿಕೊಡುತ್ತಿರಲಿಲ್ಲ.

ಆ ಗರಡಿಯ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಎರಡು ಮೆಟ್ಟಿಲು ಇಳಿದರೆ ನೆಲಕ್ಕಿಂತ ತಗ್ಗಿನಲ್ಲಿ ಮಟ್ಟಿ. ಎದುರು ಗೋಡೆಯ ಗೂಡಿನಲ್ಲಿ ಆಂಜನೇಯ, ಅವನ ಮುಂದೆ ಎಣ್ಣೆ ದೀಪ, ಪಕ್ಕದಲ್ಲಿ ಗದೆ, ಸಾಮಿಗೆ ತಿರುಗಿಸುವ ಮರದ ಕರ್ಲಾಕಟ್ಟೆಗಳು, ಹಿಡಿಕೆ ಕೆತ್ತಿದ ಗುಂಡುಕಲ್ಲುಗಳು. ಗಾಳಿ ನೇರವಾಗಿ ಬಡಿಯದಂತೆ ಕಿಂಡಿಗಳನ್ನು ಮೇಲೆ ಇಟ್ಟಿರುತ್ತಿದ್ದರು, ಏಕೆಂದರೆ ಬೆವರಿದ ಮೈಗೆ ತಣ್ಣನೆಯ ಗಾಳಿ ತಾಗಬಾರದು. ಹಳೇ ಊರಿನಲ್ಲಿ ಇಂದಿಗೂ ಹಗೆದಿಬ್ಬ ವೃತ್ತ ಎಂಬ ಜಾಗವಿದೆ. ಹಗೆ ಎಂದರೆ ಧಾನ್ಯ ತುಂಬಿಡುವುದಕ್ಕೆ ನೆಲದಲ್ಲಿ ತೋಡುತ್ತಿದ್ದ ಗುಂಡಿ. ಇಂದು ಅಲ್ಲಿ ಓಡಾಡುವವರಿಗೆ ಹೆಸರು ಬಾಯಲ್ಲಿದೆ, ಹಗೆ ಕಣ್ಣಿಗೆ ಬೀಳುವುದಿಲ್ಲ. ಗರಡಿಗಳಿಗೂ ಇದೇ ಗತಿ ಬಂದೀತೆಂಬ ಆತಂಕ ನನ್ನನ್ನು ಈ ಬರಹಕ್ಕೆ ಕೂರಿಸಿದೆ.

ಅಜ್ಜ ಹತ್ತಿ ಗಿರಣಿಯ ಕಾರ್ಮಿಕರಾಗಿದ್ದರು. ಹೈದರಾಲಿ ಮರಾಠ ಮುಖಂಡ ಅಪ್ಪೋಜಿರಾಮನಿಗೆ ಜಹಗೀರು ಕೊಡುವವರೆಗೆ ದಾವಣಗೆರೆ ಒಂದು ಸಣ್ಣ ಹಳ್ಳಿ. ಅಲ್ಲಿಂದ ಮುಂದೆ ವ್ಯಾಪಾರಿಗಳು ನೆಲೆಸಿದರು, ಪೇಟೆ ಬೆಳೆಯಿತು, ರೈಲು ಬಂತು, ಇಪ್ಪತ್ತನೆಯ ಶತಮಾನದಲ್ಲಿ ಜವಳಿ ಗಿರಣಿಗಳು ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಕೊಟ್ಟವು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಗಿರಣಿಯ ಕೂಗಿಗೂ ಗರಡಿಯ ಹೊತ್ತಿಗೂ ಇದ್ದ ನಂಟನ್ನು ಹೇಳುವವರು ಕಡಿಮೆ. ಬೆಳಗಿನ ಪಾಳಿಯ ಕೂಗು ಮೊಳಗುವ ಮೊದಲೇ ಸಾಮು ಮುಗಿಸಿ ಮೈ ತೊಳೆಯುವವರು ಕೆಲವರು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಗರಡಿಗೆ ಬರುವವರು ಇನ್ನು ಕೆಲವರು. ನೂಲಿನ ಧೂಳು ಕುಡಿದ ಎದೆಗೆ ಬಸ್ಕಿ ಹೊಡೆದರೇ ಉಸಿರು ತೆರೆಯುವುದು ಎಂದು ಅಜ್ಜ ಹೇಳುತ್ತಿದ್ದರು. ಅವರಿಗೆ ದೊರೆಯುತ್ತಿದ್ದ ಸಂಬಳದಲ್ಲಿ ಪೈಲ್ವಾನರ ಬಾದಾಮಿ, ತುಪ್ಪದ ಖುರಾಕು ಎಟುಕುತ್ತಿರಲಿಲ್ಲ. ನೆನೆಹಾಕಿದ ಕಡಲೆ, ಜೋಳದ ರೊಟ್ಟಿ, ಮಜ್ಜಿಗೆಯಲ್ಲೇ ಅವರ ಮೈ ಗಟ್ಟಿಯಾಗಿತ್ತು. ಗರಡಿಯಲ್ಲಿ ಜಾತಿ ಮತ ಕೇಳುವ ರೂಢಿಯೂ ಇರಲಿಲ್ಲ. ಆಂಜನೇಯನಿಗೆ ಕೈ ಮುಗಿದು ಮಟ್ಟಿ ಹಣೆಗೆ ಹಚ್ಚಿಕೊಂಡು ಇಳಿಯುವ ಮುಸ್ಲಿಂ ಪೈಲ್ವಾನರನ್ನು ನೋಡುತ್ತಲೇ ನಾವು ಬೆಳೆದೆವು. ಕಲಿಸುವವರನ್ನು ನಾವು ಕರೆಯುವ ವಸ್ತಾದ್ ಎಂಬ ಮಾತೇ ಉಸ್ತಾದ್ ಎಂಬುದರಿಂದ ಬಂದದ್ದು. ನಾವು ಹೇಳುವ ಪಟ್ಟುಗಳ ಹೆಸರುಗಳನ್ನೇ ನೋಡಿ: ಕಲಾಜಂಗ್, ಢಾಕ್, ಧೋಬಿ ಪಛಾಡ್. ಯಾವ ಭಾಷೆಯವೆಂದು ಕೇಳದೆ ಮಟ್ಟಿಯು ಎಲ್ಲವನ್ನೂ ತನ್ನದಾಗಿಸಿಕೊಂಡಿದೆ.

ಗರಡಿಯಲ್ಲಿ ಕಲಿತದ್ದನ್ನು ಊರಿನ ಮುಂದೆ ಇಡುವ ಹೊತ್ತು ಎಂದರೆ ಜಾತ್ರೆ. ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ದಿನಗಳಲ್ಲಿ ಹಳೇ ಊರಿನ ಯಾವ ಮನೆಯಲ್ಲಿಯೂ ನೆಂಟರಿಗೆ ಮಲಗಲು ಜಾಗ ಸಾಲುವುದಿಲ್ಲ. ಜಾತ್ರೆಯ ಸಂಭ್ರಮ ಒಂದು ಹಂತಕ್ಕೆ ಬಂದ ಮೇಲೆ ಬಯಲು ಜಂಗೀ ಕುಸ್ತಿ. ಬಯಲಿನಲ್ಲಿ ಅಖಾಡ ಸಿದ್ಧಪಡಿಸುವುದು ಗರಡಿಯ ಮಟ್ಟಿಗಿಂತ ಕಷ್ಟದ ಕೆಲಸ. ನೆಲವನ್ನು ಉತ್ತು, ಹೆಂಟೆ ಒಡೆದು, ಕೆಮ್ಮಣ್ಣು ಹರಡಿ, ನೀರು ಹೊಡೆದು, ಬಿಸಿಲಿಗೆ ಒಣಗದಂತೆ ಕಾಯಬೇಕು. ಮಾರ್ಚ್ ತಿಂಗಳ ದಾವಣಗೆರೆಯ ಬಿಸಿಲು ಬಲ್ಲವರಿಗೆ ಇದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಯಲು ಕುಸ್ತಿಯಲ್ಲಿ ತೂಕದ ಯಂತ್ರ ಇರುತ್ತಿರಲಿಲ್ಲ. ಹಿರಿಯ ವಸ್ತಾದರು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಕುತ್ತಿಗೆ, ತೋಳು, ಮೀನಖಂಡಗಳನ್ನು ಕಣ್ಣಿನಲ್ಲೇ ಅಳೆದು, ಯಾವ ಗರಡಿಯವನು, ಹಿಂದೆ ಯಾರೊಡನೆ ಆಡಿದ್ದಾನೆ ಎಂದು ವಿಚಾರಿಸಿ ಜೋಡಿ ಕಟ್ಟುತ್ತಿದ್ದರು. ಈ ಜೋಡಿ ಕಟ್ಟುವ ವಿದ್ಯೆಯನ್ನು ನಾನು ಕುಸ್ತಿಯ ಅತ್ಯಂತ ಸೂಕ್ಷ್ಮವಾದ ಭಾಗವೆಂದು ತಿಳಿಯುತ್ತೇನೆ. ಜೋಡಿ ತಪ್ಪಿದರೆ ಒಬ್ಬನ ಮೂಳೆ ಮುರಿಯುತ್ತದೆ, ನೋಡುವವರಿಗೂ ಆಟ ಸಿಗುವುದಿಲ್ಲ. ಸರಿಯಾದ ಜೋಡಿ ಬಿದ್ದಾಗ ಹಲಗೆ ವಾದ್ಯದ ಸದ್ದು ಏರುತ್ತದೆ, ಇಬ್ಬರೂ ಮಟ್ಟಿ ಮುಟ್ಟಿ ಕೈ ಕೊಡುತ್ತಾರೆ, ಹಿಡಿತ ಜಾರದಂತೆ ಒಬ್ಬರ ಬೆವರಿದ ಮೈಗೆ ಇನ್ನೊಬ್ಬರು ಹಿಡಿ ಮಣ್ಣು ಎರಚಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಒಬ್ಬನ ಎರಡೂ ಭುಜ ಮಣ್ಣಿಗೆ ತಾಗಿ ಚಿತ್ ಆಗುವವರೆಗೆ, ಇಲ್ಲವೇ ಹಿರಿಯರು ಸಮ ಎಂದು ಬಿಡಿಸುವವರೆಗೆ ಸಾವಿರಾರು ಜನ ಕಣ್ಣು ಮಿಟುಕಿಸುವುದಿಲ್ಲ. ಹರಿಹರ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯಿಂದ, ಇನ್ನೂ ದೂರದ ಬೆಳಗಾವಿ, ಕೊಲ್ಹಾಪುರದಿಂದ ಪೈಲ್ವಾನರು ಬರುತ್ತಿದ್ದರು. ಗೆದ್ದವನಿಗೆ ಬೆಳ್ಳಿ ಕಡಗ ಅಥವಾ ಗದೆ. ಅಜ್ಜನಿಗೆ ಒಮ್ಮೆಯೂ ಕಡಗ ಸಿಗಲಿಲ್ಲ. ಒಂದು ವರ್ಷ ಸಮವಾಗಿ ಬಿಡಿಸಿದ ಕುಸ್ತಿಯಲ್ಲಿ ಊರವರು ಮೆಚ್ಚಿ ಹಾಕಿದ ಕೆಂಪು ರುಮಾಲನ್ನು ಅವರು ಸಾಯುವವರೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಈಚಿನ ಜಾತ್ರೆಗಳಲ್ಲಿ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿಯುವುದನ್ನು ಕಂಡಾಗ, ಇದನ್ನು ನೋಡಲು ಅವರು ಇರಬೇಕಾಗಿತ್ತು ಎಂದು ನನಗೆ ಅನ್ನಿಸಿತು.

ಹಳೇ ಊರಿಗೆ ಗರಡಿ ಹೇಗೋ ಹಾಗೆ ಇಡೀ ನಗರಕ್ಕೆ ಹೈಸ್ಕೂಲ್ ಮೈದಾನ. ಊರಿನ ನಡುವೆ, ಬಸ್ಸು ರಿಕ್ಷಾಗಳ ಗದ್ದಲಕ್ಕೆ ತಾಗಿಕೊಂಡೇ ಇರುವ ಆ ಬಯಲು ಬೆಳಿಗ್ಗೆ ನಡೆಯುವವರದು, ಮಧ್ಯಾಹ್ನ ಶಾಲೆಯ ಮಕ್ಕಳದು, ಸಂಜೆ ಯಾರು ಮೊದಲು ಮೂರು ಕೋಲು ನೆಟ್ಟರೋ ಅವರದು. ಅಲ್ಲಿ ಏಕಕಾಲಕ್ಕೆ ಐದಾರು ಕ್ರಿಕೆಟ್ ಆಟಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತವೆ. ಒಂದು ಆಟದ ಸ್ಲಿಪ್ ಇನ್ನೊಂದು ಆಟದ ಲಾಂಗ್ ಆನ್ ಆಗಿರುತ್ತದೆ, ಆದರೂ ಚೆಂಡು ಯಾರದೆಂದು ಜಗಳವಾಗುವುದಿಲ್ಲ. ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿ ನಡೆಯುವ ರಾತ್ರಿಗಳಲ್ಲಿ, ಮಿರ್ಚಿ ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತ ಜನರ ನಡುವೆ ನಾನು ಎಷ್ಟೋ ಸಲ ಕೊನೆಯ ಓವರಿನವರೆಗೆ ಕಾದಿದ್ದೇನೆ.

ಈ ಊರಿನ ಆಟದ ಬಗ್ಗೆ ಮಾತಾಡುವಾಗ ಆರ್. ವಿನಯ್ ಕುಮಾರ್ ಅವರನ್ನು ಬಿಟ್ಟರೆ ಮಾತು ಪೂರ್ತಿಯಾಗುವುದಿಲ್ಲ. 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದ ಅವರು ಭಾರತಕ್ಕೆ ಮೂರೂ ಬಗೆಯ ಕ್ರಿಕೆಟ್ಟಿನಲ್ಲಿ ಆಡಿದರು. ಅವರ ನಾಯಕತ್ವದಲ್ಲಿ ಕರ್ನಾಟಕವು 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಎರಡನೆಯ ವರ್ಷ ಮುಂಬೈಯಲ್ಲಿ ತಮಿಳುನಾಡಿನ ವಿರುದ್ಧ ನಡೆದ ಅಂತಿಮ ಪಂದ್ಯದಲ್ಲಿ ಕರುಣ್ ನಾಯರ್ ಹೊಡೆದ 328 ರನ್‌ಗಳನ್ನು ಎಲ್ಲರೂ ನೆನೆಯುತ್ತಾರೆ, ಅದೇ ಇನಿಂಗ್ಸಿನಲ್ಲಿ ನಮ್ಮೂರಿನ ನಾಯಕ ಔಟಾಗದೆ 105 ಹೊಡೆದದ್ದನ್ನು ದಾವಣಗೆರೆಯವರು ಮರೆಯುವುದಿಲ್ಲ. 2021ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಪ್ರಥಮ ದರ್ಜೆಯ ವಿಕೆಟ್‌ಗಳು 504. ಅವರಿಗೆ ಅಂಟಿದ ದಾವಣಗೆರೆ ಎಕ್ಸ್‌ಪ್ರೆಸ್ ಎಂಬ ಹೆಸರಿನಿಂದ ಊರಿನ ಹೆಸರು ದೇಶದ ಕ್ರೀಡಾಂಗಣಗಳಲ್ಲೆಲ್ಲ ಕೇಳಿಸಿತು. ಆದರೆ ಅವರ ಬೌಲಿಂಗ್ ನೋಡುವಾಗಲೆಲ್ಲ ನನಗೆ ಗರಡಿಯೇ ನೆನಪಾಗುತ್ತಿತ್ತು. ಅವರಿಗೆ ಕಣ್ಣು ಕುಕ್ಕುವ ವೇಗವಿರಲಿಲ್ಲ. ಒಂದೇ ಜಾಗಕ್ಕೆ, ಒಂದೇ ಅಳತೆಗೆ, ದಿನವಿಡೀ ಚೆಂಡು ಹಾಕುವ ತಾಳ್ಮೆಯಿತ್ತು. ಅದು ದಿನವೂ ಗುದ್ದಲಿ ಹಿಡಿಯುವವನ ಗುಣ.

ನಾವು ಶಾಲೆಯಲ್ಲಿದ್ದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹಾಗಾಗಿ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹೋಗುವುದೆಂದರೆ ದುರ್ಗಕ್ಕೆ ಹೋಗುವುದು, ಮತ್ತು ದುರ್ಗಕ್ಕೆ ಹೋದರೆ ಕೋಟೆ ಹತ್ತದೆ ಬರುವಂತಿರಲಿಲ್ಲ. ಏಳು ಸುತ್ತಿನ ಆ ಕೋಟೆಯೊಳಗೆ ದೇವಾಲಯಗಳು, ಹೊಂಡಗಳು, ಟಂಕಸಾಲೆ, ಬೀಸುವ ಕಲ್ಲುಗಳ ಜೊತೆಗೆ ಒಂದು ಗರಡಿ ಮನೆಯೂ ಇದೆ. ಮೊದಲ ಸಲ ಅದನ್ನು ತೋರಿಸಿದಾಗ ನನ್ನ ಗೆಳೆಯರು ಒನಕೆ ಕಿಂಡಿಯ ಕಡೆಗೆ ಓಡಿದರು, ನಾನು ಅಲ್ಲೇ ನಿಂತೆ. ಪಾಳೆಯಗಾರರ ಕಾಲದ ಕಲ್ಲಿನ ಗೋಡೆಗಳು ಗಟ್ಟಿಯಾಗಿ ನಿಂತಿದ್ದವು. ನಡುವಿನ ನೆಲವನ್ನು ಕಾಲಿನಿಂದ ಕೆದಕಿ ನೋಡಿದೆ, ಬಂಡೆಯಷ್ಟು ಗಟ್ಟಿ. 1779ರಲ್ಲಿ ಹೈದರಾಲಿ ಕೋಟೆಯನ್ನು ಹಿಡಿದು ಮದಕರಿನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದ. ದುರ್ಗದ ಬೇಡ ಕುಟುಂಬಗಳನ್ನೂ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಸಾಗಿಸಿ, ಅವರ ಹುಡುಗರಿಂದ ಚೇಲಾ ಎಂಬ ಸೈನಿಕ ಪಡೆಗಳನ್ನು ಕಟ್ಟಿದರು ಎಂದು ಇತಿಹಾಸ ಹೇಳುತ್ತದೆ. ಗರಡಿಗೆ ಇಳಿಯಬೇಕಾಗಿದ್ದ ಹುಡುಗರೇ ಹೋದ ಮೇಲೆ ಆ ಮಟ್ಟಿಗೆ ಗುದ್ದಲಿ ಹಾಕುವವರು ಯಾರಿದ್ದರು?

ಇಂದು ಆ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ಟಿಕೆಟ್ ಕೊಂಡು ಜನ ನೋಡುತ್ತಾರೆ, ಹಾಗೆ ಉಳಿದಿರುವುದು ನಮ್ಮೆಲ್ಲರ ಪುಣ್ಯ. ಅಲ್ಲಿಂದ ಅರವತ್ತು ಕಿಲೋಮೀಟರ್ ದೂರದ ನಮ್ಮ ಊರಿನಲ್ಲಿ, ಇಂದಿಗೂ ಬೆಳಿಗ್ಗೆ ಐದಕ್ಕೆ ದೀಪ ಹಚ್ಚುವ ಗರಡಿಗಳಿಗೆ ಯಾವ ಪಟ್ಟಿಯಲ್ಲಿಯೂ ಜಾಗವಿಲ್ಲ. ಗೋಡೆ ಹಳೆಯದಾದರೆ ಅದನ್ನು ಪರಂಪರೆ ಎನ್ನುತ್ತೇವೆ. ಮಣ್ಣು ಮಾತ್ರ ಪ್ರತಿದಿನ ಹೊಸದಾಗಬೇಕಾದದ್ದು, ಅದಕ್ಕೆ ವಯಸ್ಸನ್ನು ಲೆಕ್ಕ ಹಾಕುವವರಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗ ಮೀಸಲಿಟ್ಟು, ಮಲ್ಲರ ವರ್ಗಗಳನ್ನೂ ಅವರ ಆಹಾರ ಮತ್ತು ವ್ಯಾಯಾಮಗಳನ್ನೂ ವಿವರಿಸಿದ್ದಾನೆ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿಸಿಕೊಂಡು, ಸಾಮು ಮಾಡಿ ಮಲ್ಲನೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದುದನ್ನು ಬರೆದಿದ್ದಾನೆ. ನಮ್ಮ ಓಣಿಯ ಹುಡುಗ ಇಂದು ಬೆಳಿಗ್ಗೆ ಮಾಡಿದ್ದು ಬಹುಪಾಲು ಅದನ್ನೇ. ಇಷ್ಟು ಉದ್ದದ ದಾರಿ ಹಂಪಿಯ ಕಲ್ಲಿನಷ್ಟೇ ಹಳೆಯದೆಂದು ನಾನು ವಾದಿಸಿದರೆ ಯಾರೂ ಅತಿಶಯವೆಂದು ತಿಳಿಯಬಾರದು.

ಮ್ಯಾಟ್ ಕುಸ್ತಿಯ ಬಗ್ಗೆ ನನಗೆ ದ್ವೇಷವಿಲ್ಲ ಎಂಬುದನ್ನೂ ಹೇಳಬೇಕು. ಒಂಬತ್ತು ಮೀಟರ್ ವ್ಯಾಸದ ವೃತ್ತ, ಮೂರು ಮೂರು ನಿಮಿಷಗಳ ಎರಡು ಸುತ್ತು, ಅಂಕಗಳು, ತೂಕದ ವರ್ಗಗಳು: ಒಲಿಂಪಿಕ್ಸಿಗೆ ಹೋಗಬೇಕಾದರೆ ಇದೇ ದಾರಿ. ನಮ್ಮ ಊರಿನ ಕ್ರೀಡಾ ವಸತಿ ನಿಲಯದಲ್ಲಿ ಕುಸ್ತಿ ಕಲಿಯುವ ಮಕ್ಕಳು ಮ್ಯಾಟ್ ಮೇಲೆಯೇ ಪಳಗಬೇಕು. ಆದರೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಕೆ.ಡಿ. ಜಾಧವ್ ಮಣ್ಣಿನಲ್ಲಿ ಬೆಳೆದ ಪೈಲ್ವಾನರು ಎಂಬುದನ್ನು ನೆನೆದರೆ, ಮಟ್ಟಿ ಮತ್ತು ಮ್ಯಾಟ್ ಒಂದನ್ನೊಂದು ತಿನ್ನಬೇಕಾಗಿಲ್ಲ ಎನ್ನಿಸುತ್ತದೆ. ಮಣ್ಣು ಹಿಡಿತಕ್ಕೆ ಬಲ ಕೊಡುತ್ತದೆ, ಮ್ಯಾಟ್ ಕಾಲಿಗೆ ಚುರುಕು ಕಲಿಸುತ್ತದೆ. ಒಬ್ಬ ಮಗುವಿಗೆ ಎರಡೂ ಸಿಗುವಂತೆ ಮಾಡುವುದು ದುಬಾರಿಯ ಕೆಲಸವೂ ಅಲ್ಲ.

ನನ್ನನ್ನು ಕಾಡುವುದು ಬೇರೆ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಗರಡಿಗೆ ಬರುತ್ತಿದ್ದ ಕೈಗಳೂ ಚದುರಿದವು. ನಾನು ಹರಳು ಹೆಕ್ಕಿದ ಆ ಗರಡಿಗೆ ಒಂದು ಕಾಲದಲ್ಲಿ ನಾಲ್ವತ್ತು ಐವತ್ತು ಜನ ಬರುತ್ತಿದ್ದರು, ಈಗ ಎಂಟು ಹತ್ತು ಹುಡುಗರು. ಪಕ್ಕದ ಖಾಲಿ ಜಾಗಕ್ಕೆ ಅಂಗಡಿ ಮಳಿಗೆಗಳು ಎದ್ದಿವೆ, ಗಾಳಿ ಕಿಂಡಿಗಳಲ್ಲಿ ಒಂದು ಮುಚ್ಚಿಹೋಗಿದೆ. ಹೈಸ್ಕೂಲ್ ಮೈದಾನದಲ್ಲಿಯೂ ಸಭೆ, ಸಮಾರಂಭ, ಪೆಂಡಾಲುಗಳು ಬಂದುಹೋದ ಮೇಲೆ ಗೂಟದ ಗುಳಿಗಳೂ ಮೊಳೆಗಳೂ ಉಳಿದಿರುತ್ತವೆ. ಊರಿನ ಸಭೆ ಊರಿನ ಬಯಲಿನಲ್ಲಿ ನಡೆಯುವುದು ಸಹಜವೇ, ನಾನು ಬೇಡವೆನ್ನುವುದಿಲ್ಲ. ಸಭೆ ಮುಗಿದ ಮರುದಿನ ಗುಳಿ ಮುಚ್ಚಿ, ಮೊಳೆ ಹೆಕ್ಕಿ, ನೆಲವನ್ನು ಮಕ್ಕಳಿಗೆ ಹಿಂದಿರುಗಿಸುವುದು ಕೂಡ ಸಭೆಯ ಖರ್ಚಿನಲ್ಲಿಯೇ ಸೇರಬೇಕು ಎಂಬುದಷ್ಟೇ ನನ್ನ ಕೋರಿಕೆ. ಗರಡಿಗಳ ವಿಷಯದಲ್ಲಿಯೂ ದೊಡ್ಡದೇನನ್ನೂ ನಾನು ಕೇಳುತ್ತಿಲ್ಲ. ಊರಿನಲ್ಲಿ ಉಳಿದಿರುವ ಗರಡಿಗಳೆಷ್ಟು, ಅವುಗಳ ಜಾಗದ ಕಾಗದಪತ್ರ ಯಾರ ಹೆಸರಿನಲ್ಲಿದೆ, ಬರುವ ಮಕ್ಕಳೆಷ್ಟು ಎಂದು ಒಮ್ಮೆ ಎಣಿಸಿ ಬರೆದಿಡಬೇಕು. ವರ್ಷಕ್ಕೊಂದು ಗಾಡಿ ಕೆಮ್ಮಣ್ಣು, ಒಂದು ಡಬ್ಬ ಎಣ್ಣೆ, ಮಕ್ಕಳಿಗೆ ದಿನಕ್ಕೊಂದು ಲೋಟ ಹಾಲು ಯಾರಾದರೂ ವಹಿಸಿಕೊಳ್ಳಬೇಕು. ಬಾಗಿಲು ತೆರೆದಿಡುವವರು ಇನ್ನೂ ಇದ್ದಾರೆ.

ಕಳೆದ ವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಇನ್ನೂ ಕತ್ತಲಿತ್ತು. ಮೊಣಕಾಲು ನೋವಿನಿಂದ ಈಗ ನನಗೆ ಮಟ್ಟಿಗೆ ಇಳಿಯಲು ಆಗುವುದಿಲ್ಲ, ಮೆಟ್ಟಿಲ ಮೇಲೆ ಕುಳಿತೆ. ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಲಂಗೋಟಿ ಬಿಗಿದು ಒಂದು ಮೂಲೆಯಿಂದ ಮಣ್ಣು ಅಗೆಯುತ್ತ ಬರುತ್ತಿದ್ದ. ಉಸಿರು, ಗುದ್ದಲಿ, ಉಸಿರು, ಗುದ್ದಲಿ, ಬೇರೆ ಸದ್ದಿಲ್ಲ. ಅರ್ಧ ಅಗೆದಾಗ ಗುದ್ದಲಿಗೆ ಏನೋ ಟಣ್ ಎಂದು ತಾಗಿತು. ಅವನು ಬಗ್ಗಿ, ಮಣ್ಣಿನೊಳಗೆ ಬೆರಳಾಡಿಸಿ, ಕಡಲೆಕಾಳಿನಷ್ಟು ಸಣ್ಣ ಹರಳೊಂದನ್ನು ಎತ್ತಿ, ದೀಪದ ಬೆಳಕಿಗೆ ಹಿಡಿದು ನೋಡಿ, ಬಾಗಿಲಿನಾಚೆ ದೂರಕ್ಕೆ ಎಸೆದು ಮತ್ತೆ ಗುದ್ದಲಿ ಎತ್ತಿಕೊಂಡ.